ಗೆಳೆತನವೋ, ಇನ್ನೇನೋ? ಹಳೆಯ ಅಮೆರಿಕನ್ ಕಾದಂಬರಿಗಳನ್ನು ಓದಲು ಒಂದು ಮಾರ್ಗದರ್ಶಿ

‘ಇವರಿಬ್ಬರು ಬರೀ ಗೆಳೆಯರಾ, ಇಲ್ಲಾ ಇನ್ನೇನಾದರೂ ಇದೆಯಾ?’

ಅಮೆರಿಕದ ಹಳೆಯ ಕಾದಂಬರಿಗಳ ಬಗ್ಗೆ ಏನೇ ಬರೆದರೂ ಈ ಪ್ರಶ್ನೆ ಬಂದೇ ಬರುತ್ತದೆ. ಇಂಗ್ಲಿಷ್ ಎಂ.ಎ. ಮಾಡುತ್ತಿರುವವರು ಕೇಳುತ್ತಾರೆ, ಸಿನಿಮಾ ನೋಡಿ ಪುಸ್ತಕ ಹಿಡಿದವರೂ ಕೇಳುತ್ತಾರೆ. ಕೆಲವರಿಗೆ ನನ್ನಿಂದ ‘ಹೌದು’ ಅನ್ನಿಸಬೇಕು, ಕೆಲವರಿಗೆ ‘ಛೇ, ಹಾಗೇನಿಲ್ಲ’ ಅನ್ನಿಸಬೇಕು. ಕಷ್ಟ ಏನೆಂದರೆ, ಈ ಪುಸ್ತಕಗಳಲ್ಲಿ ಬಹಳಷ್ಟು ಆ ಪ್ರಶ್ನೆಗೆ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಬೇರೊಂದು ಪ್ರಶ್ನೆ ಹಿಡಿದುಕೊಂಡು ಓದಿ ಅಂತ ಹೇಳುತ್ತೇನೆ: ಕಥೆ ಹೇಳುತ್ತಿರುವವರ ಮಾತು ಎಲ್ಲಿ ತಡವರಿಸುತ್ತದೆ? ಎಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹೇಳುತ್ತಾರೆ, ಎಲ್ಲಿ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ? ಈ ಪ್ರಶ್ನೆಗೆ ಪುಟದ ಮೇಲೆಯೇ ಉತ್ತರ ಸಿಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕೆಲವು ಕಥೆಗಳ ಕೊನೆ ಬಿಟ್ಟುಕೊಡಲಿದ್ದೇನೆ.

ಏನೇನು ಬೇಕು

ಒಂದು ಪುಸ್ತಕ, ಒಂದು ಪೆನ್ಸಿಲ್, ಎರಡು ಸಲ ಓದುವಷ್ಟು ಸಮಯ. ಅಷ್ಟೇ. ಪುಸ್ತಕಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ. ಹತ್ತೊಂಬತ್ತನೇ ಶತಮಾನದ ಕೃತಿಗಳ ಹಕ್ಕು ಎಂದೋ ಮುಗಿದಿದೆ. ಸ್ಕಾಟ್ ಫಿಟ್ಜೆರಾಲ್ಡ್ ಅವರ 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಅಮೆರಿಕದಲ್ಲಿ 2021ರಲ್ಲಿ ಹಕ್ಕುಮುಕ್ತವಾಯಿತು, 1929ರ ‘ಪಾಸಿಂಗ್’ 2025ರಲ್ಲಿ. ಮಕ್ಕಳಿಗೆಂದು ಸಂಕ್ಷೇಪಿಸಿದ ಪ್ರತಿ ಮಾತ್ರ ಬೇಡವೇ ಬೇಡ. ಕಥೆಯನ್ನು ಮುಂದಕ್ಕೆ ಓಡಿಸದ ಭಾಗಗಳೇ ಮೊದಲು ಕತ್ತರಿಗೆ ಸಿಗುವುದು, ನಮಗೆ ಬೇಕಾಗಿರುವುದೂ ಅವೇ.

1. ಚಿಕ್ಕ ಪುಸ್ತಕದಿಂದ ಶುರು ಮಾಡಿ

ಉತ್ಸಾಹದಲ್ಲಿ ನೇರವಾಗಿ ಹರ್ಮನ್ ಮೆಲ್ವಿಲ್ ಅವರ ತಿಮಿಂಗಿಲ ಬೇಟೆಯ ಕಾದಂಬರಿ ‘ಮೊಬಿ ಡಿಕ್’ಗೆ ಕೈಹಾಕಿ, ತಿಮಿಂಗಿಲಗಳ ವರ್ಗೀಕರಣದ ಅಧ್ಯಾಯದಲ್ಲಿ ಸಿಕ್ಕಿಬಿದ್ದು ವಾಪಸ್ ಬಂದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಸಲಹೆ ನೆಲ್ಲಾ ಲಾರ್ಸೆನ್ ಅವರ ‘ಪಾಸಿಂಗ್’. ತೆಳ್ಳಗಿನ ಪುಸ್ತಕ, ಇಂಗ್ಲಿಷ್ ಕೂಡ ತೊಡಕಿನದಲ್ಲ. ಅದೂ ಜಾಸ್ತಿ ಅನ್ನಿಸಿದರೆ ವಿಲಾ ಕ್ಯಾಥರ್ ಅವರ ‘ಪಾಲ್ಸ್ ಕೇಸ್’ ಅನ್ನುವ ಸಣ್ಣಕಥೆ (1905) ಇದೆ, ಒಂದು ಸಂಜೆಗೆ ಮುಗಿಯುತ್ತದೆ.

ಈ ಲೇಖನದಲ್ಲಿ ‘ಪಾಸಿಂಗ್’ ಅನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ಆದ್ದರಿಂದ ಕಥೆಯನ್ನು ಸ್ವಲ್ಪ ಹೇಳಬೇಕು. ಪಾಸಿಂಗ್ ಅಂದರೆ, ಕಪ್ಪು ವಂಶದಲ್ಲಿ ಹುಟ್ಟಿದ ಆದರೆ ಮೈಬಣ್ಣ ತಿಳಿಯಾಗಿರುವವರು ತಮ್ಮ ಹುಟ್ಟನ್ನು ಮುಚ್ಚಿಟ್ಟು ಬಿಳಿಯರಾಗಿ ಬದುಕುವುದು. ಐರೀನ್ ರೆಡ್‌ಫೀಲ್ಡ್ ಮತ್ತು ಕ್ಲೇರ್ ಕೆಂಡ್ರಿ ಬಾಲ್ಯದಲ್ಲಿ ಪರಿಚಯವಿದ್ದವರು, ಇಬ್ಬರಿಗೂ ಆ ತಿಳಿ ಬಣ್ಣ ಇದೆ. ಐರೀನ್ ಡಾಕ್ಟರೊಬ್ಬರ ಹೆಂಡತಿ, ಎರಡು ಗಂಡುಮಕ್ಕಳ ತಾಯಿ, ನ್ಯೂಯಾರ್ಕ್‌ನ ಹಾರ್ಲೆಮ್‌ನ ಕಪ್ಪು ಸಮಾಜದಲ್ಲಿ ಮರ್ಯಾದಸ್ಥೆ. ಕ್ಲೇರ್ ತನ್ನ ಹುಟ್ಟನ್ನು ಹೇಳದೆ ಬಿಳಿಯನೊಬ್ಬನನ್ನು ಮದುವೆಯಾಗಿದ್ದಾಳೆ, ಆ ಗಂಡನಿಗೋ ಕಪ್ಪು ಜನರನ್ನು ಕಂಡರೆ ಆಗುವುದಿಲ್ಲ. ವರ್ಷಗಳ ನಂತರ ಇಬ್ಬರೂ ಷಿಕಾಗೋದ ಒಂದು ಹೋಟೆಲಿನ ಮೇಲ್ಮಹಡಿಯಲ್ಲಿ, ಸುಡುವ ಆಗಸ್ಟ್ ದಿನ, ಅಕಸ್ಮಾತ್ ಎದುರಾಗುತ್ತಾರೆ. ಅಲ್ಲಿಂದ ಕ್ಲೇರ್ ಐರೀನ್‌ಳ ಬದುಕಿನೊಳಗೆ ಬರತೊಡಗುತ್ತಾಳೆ.

2. ಮೊದಲ ಓದಿನಲ್ಲಿ ಒಂದೇ ಕೆಲಸ: ಯಾರ ಕಣ್ಣಿನಿಂದ ನೋಡುತ್ತಿದ್ದೀರಿ ಅಂತ ಗುರುತಿಸಿ

ಮೊದಲ ಸಲ ಕಥೆಯನ್ನು ಕಥೆಯಾಗಿಯೇ ಓದಿ. ಗುಟ್ಟು ಹುಡುಕಬೇಡಿ. ನಿರೂಪಕರು ಯಾರು, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದನ್ನಷ್ಟೇ ಪುಸ್ತಕದ ಮೊದಲ ಖಾಲಿ ಪುಟದಲ್ಲಿ ಎರಡು ಸಾಲು ಬರೆದುಕೊಳ್ಳಿ.

‘ಪಾಸಿಂಗ್’ನಲ್ಲಿ ‘ನಾನು’ ಅಂತ ಯಾರೂ ಕಥೆ ಹೇಳುವುದಿಲ್ಲ. ‘ಅವಳು’ ಅಂತಲೇ ಸಾಗುತ್ತದೆ. ಅಷ್ಟಕ್ಕೇ ಇದು ನಿಷ್ಪಕ್ಷಪಾತ ಕಥನ ಅಂದುಕೊಂಡರೆ ಕೆಟ್ಟಿರಿ, ಬಹಳ ಜನ ಎಡವುವುದೇ ಇಲ್ಲಿ. ಪುಸ್ತಕ ಮೊದಲಿನಿಂದ ಕೊನೆಯವರೆಗೆ ಐರೀನ್‌ಳ ತಲೆಯೊಳಗೇ ಇದೆ. ಕ್ಲೇರ್ ಒಬ್ಬಳೇ ಕೂತಾಗ ಏನು ಯೋಚಿಸುತ್ತಾಳೆ ಅಂತ ನಮಗೆ ಒಂದೇ ಒಂದು ಸಲವೂ ತಿಳಿಯುವುದಿಲ್ಲ. ಕ್ಲೇರ್ ಮೋಹಕ, ಸ್ವಾರ್ಥಿ, ಅಪಾಯಕಾರಿ ಅನ್ನುವ ಮಾತುಗಳೆಲ್ಲ ಐರೀನ್‌ಳವೇ. ವಿಮರ್ಶಕರು ‘ನಂಬಲಾಗದ ನಿರೂಪಣೆ’ ಅಂತಾರಲ್ಲ, ಅದು ಇದೇ. ಹೇಳುವವರು ಸುಳ್ಳು ಹೇಳುತ್ತಾರೆ ಅಂತಲೇ ಅರ್ಥವಲ್ಲ. ತಮ್ಮ ಬಗ್ಗೆ ತಮಗೇ ಪೂರ್ತಿ ತಿಳಿದಿಲ್ಲದವರು ಹೇಳುತ್ತಿದ್ದಾರೆ ಅಂತಲೂ ಇರಬಹುದು.

‘ಗ್ಯಾಟ್ಸ್‌ಬಿ’ಯಲ್ಲಿ ಇದು ಇನ್ನೂ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ತಾನು ಕಂಡ ಕೆಲವೇ ಪ್ರಾಮಾಣಿಕರಲ್ಲಿ ತಾನೂ ಒಬ್ಬ ಅಂತ ಅದರ ನಿರೂಪಕ ನಿಕ್ ಕ್ಯಾರವೇ ತಾನೇ ಹೇಳಿಕೊಳ್ಳುತ್ತಾನೆ. ತನ್ನ ಪ್ರಾಮಾಣಿಕತೆಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುವವರನ್ನು ನಿಜಜೀವನದಲ್ಲಿ ನಾವು ಹೇಗೆ ನೋಡುತ್ತೇವೋ ಹಾಗೇ ನೋಡಿ.

3. ಎರಡನೇ ಓದಿಗೆ ಮುಂಚೆ ಕಾಲವನ್ನು ತಿಳಿದುಕೊಳ್ಳಿ

ಇದನ್ನು ಬಿಟ್ಟರೆ ಎರಡು ಕಡೆಯಿಂದಲೂ ಜಾರುತ್ತೀರಿ.

‘ಮೊಬಿ ಡಿಕ್’ (1851) ತೆಗೆದುಕೊಳ್ಳಿ. ನ್ಯೂ ಬೆಡ್‌ಫರ್ಡ್ ಊರಿನ ವಸತಿಗೃಹದಲ್ಲಿ ಕೋಣೆ ಖಾಲಿ ಇಲ್ಲದೆ, ಕಥೆ ಹೇಳುವ ಇಷ್ಮೇಲ್ ಒಬ್ಬ ಅಪರಿಚಿತ ಈಟಿಗಾರನ ಹಾಸಿಗೆಯಲ್ಲಿ ಮಲಗಬೇಕಾಗುತ್ತದೆ. ಆತ ದಕ್ಷಿಣ ಸಮುದ್ರದ ದ್ವೀಪವೊಂದರ ಕ್ವೀಕ್ವೆಗ್, ಮೈತುಂಬ ಹಚ್ಚೆ. ಬೆಳಿಗ್ಗೆ ಎಚ್ಚರವಾದಾಗ ಕ್ವೀಕ್ವೆಗ್‌ನ ತೋಳು ಇಷ್ಮೇಲ್‌ನ ಮೇಲಿರುತ್ತದೆ, ತಾನು ಅವನ ಹೆಂಡತಿಯೋ ಅನ್ನುವಷ್ಟು ಪ್ರೀತಿಯಿಂದ ಅಂತ ಇಷ್ಮೇಲ್ ಹೇಳುತ್ತಾನೆ. ಇವತ್ತಿನ ಓದುಗರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ತಡೆಯಿರಿ. ಇಬ್ಬರು ಗಂಡಸರು ಒಂದೇ ಹಾಸಿಗೆಯಲ್ಲಿ ಮಲಗುವುದು ಆ ಕಾಲದ ಅಮೆರಿಕದಲ್ಲಿ ತೀರಾ ಮಾಮೂಲು. ಹಾಸಿಗೆ ದುಬಾರಿ, ಚಳಿ ಜಾಸ್ತಿ, ವಸತಿಗೃಹಗಳು ಇಕ್ಕಟ್ಟು. ಅಬ್ರಹಾಂ ಲಿಂಕನ್ 1837ರಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಬಂದಾಗ ಜೋಷುವಾ ಸ್ಪೀಡ್ ಅನ್ನುವ ಅಂಗಡಿ ಮಾಲೀಕನ ಹಾಸಿಗೆಯನ್ನು ಹಂಚಿಕೊಂಡು ಕೆಲವು ವರ್ಷ ಕಳೆದರು. ‘ಹೋಮೋಸೆಕ್ಷುಯಲ್’ ಅನ್ನುವ ಪದ ಮೊದಲು ಅಚ್ಚಾದದ್ದು 1869ರಲ್ಲಿ, ಅದೂ ಜರ್ಮನ್ ಭಾಷೆಯಲ್ಲಿ. ಅಂದರೆ ಮೆಲ್ವಿಲ್ ಈ ಅಧ್ಯಾಯ ಬರೆಯುವಾಗ, ಇಂಥವರು ಅಂತ ಒಂದು ಜಾತಿಯ ಮನುಷ್ಯರಿದ್ದಾರೆ ಅನ್ನುವ ವರ್ಗೀಕರಣವೇ ಜನರ ಬಾಯಲ್ಲಿ ಇರಲಿಲ್ಲ.

‘ಹಾಗಾದರೆ ಅಲ್ಲಿ ಏನೂ ಇಲ್ಲ ಬಿಡಿ’ ಅನ್ನುವುದು ಎರಡನೇ ಗುಂಡಿ. ಹಾಸಿಗೆ ಹಂಚಿಕೊಳ್ಳುವುದು ಮಾಮೂಲಾಗಿದ್ದರೆ ಮೆಲ್ವಿಲ್ ಒಂದು ಸಾಲಿನಲ್ಲಿ ಮುಗಿಸಬಹುದಿತ್ತಲ್ವಾ? ಅವರು ಅದಕ್ಕೆ ಅಧ್ಯಾಯಗಳನ್ನೇ ಕೊಡುತ್ತಾರೆ. ಆ ಹಾಸಿಗೆ ತಾನೂ ತನ್ನ ಹೆಂಡತಿಯೂ ಮದುವೆಯ ರಾತ್ರಿ ಮಲಗಿದ್ದ ಹಾಸಿಗೆ ಅಂತ ವಸತಿಗೃಹದ ಯಜಮಾನನಿಂದ ಹೇಳಿಸುತ್ತಾರೆ. ಹತ್ತನೇ ಅಧ್ಯಾಯದಲ್ಲಿ ಕ್ವೀಕ್ವೆಗ್ ಹಣೆಗೆ ಹಣೆ ಒತ್ತಿ ಇನ್ನು ನಾವಿಬ್ಬರೂ ಮದುವೆಯಾದೆವು ಅನ್ನುತ್ತಾನೆ, ಆಗ ಇಷ್ಮೇಲ್ ಓಡಿಬಂದು, ಅವರ ನಾಡಿನಲ್ಲಿ ಅದಕ್ಕೆ ಆಪ್ತ ಸ್ನೇಹಿತರು ಅಂತ ಅರ್ಥ ಅಂತ ವಿವರಣೆ ಕೊಡುತ್ತಾನೆ. ಅಷ್ಟಕ್ಕೆ ಸುಮ್ಮನಾಗುತ್ತಾನಾ? ಇಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ ತಮ್ಮಿಬ್ಬರ ರಾತ್ರಿಯ ಮಾತುಕತೆಯನ್ನು ತಾನೇ ಹೃದಯಗಳ ಹನಿಮೂನ್ ಅಂತ ಕರೆಯುತ್ತಾನೆ. ಪದಗಳು ಎಲ್ಲಿಂದ ಬಂದವು ನೋಡಿ, ಎಲ್ಲವೂ ಮದುವೆಮನೆಯವು. ಪೆನ್ಸಿಲ್ ಗೆರೆ ಬೀಳಬೇಕಾದದ್ದು ಇಂಥ ಕಡೆ.

ಕಾನೂನಿನ ವಿಷಯ ಚುಟುಕಾಗಿ: 1873ರ ಕಾಮ್‌ಸ್ಟಾಕ್ ಕಾಯಿದೆ ಪ್ರಕಾರ ‘ಅಶ್ಲೀಲ’ ಅನ್ನಿಸಿಕೊಂಡದ್ದನ್ನು ಅಂಚೆಯಲ್ಲಿ ಕಳಿಸುವುದು ಅಪರಾಧವಾಯಿತು, ಆದ್ದರಿಂದ ಪ್ರಕಾಶಕರು ಹುಷಾರಾಗಿರುತ್ತಿದ್ದರು. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಾನೂನನ್ನು ಕೈಬಿಟ್ಟ ಮೊದಲ ಅಮೆರಿಕನ್ ರಾಜ್ಯ ಇಲಿನಾಯ್, ಅದೂ 1961ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ತೀರ್ಪು ಬಂದದ್ದು 2003ರಲ್ಲಿ. ನಮ್ಮಲ್ಲಿ 377ನೇ ಕಲಂ ವಿಷಯದಲ್ಲಿ ಅಂಥ ತೀರ್ಪು 2018ರಲ್ಲಿ ಬಂತು, ಗೊತ್ತಲ್ಲ.

4. ಗುರುತು ಹಾಕುತ್ತಾ ಎರಡನೇ ಸಲ ಓದಿ

ಇದು ಈ ಕೆಲಸದ ತಿರುಳು, ಇಲ್ಲಿ ಅವಸರ ಬೇಡ. ನಾಲ್ಕು ಬಗೆಯ ಜಾಗಗಳಲ್ಲಿ ಪೆನ್ಸಿಲ್ ನಿಲ್ಲಿಸಿ.

ಅ) ನೋಟ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿರುವ ಕಡೆ. ಐರೀನ್ ಕ್ಲೇರ್‌ಳ ತುಟಿ, ಕಣ್ಣು, ಬಟ್ಟೆ, ನಗು ಎಲ್ಲವನ್ನೂ ಮತ್ತೆ ಮತ್ತೆ ವರ್ಣಿಸುತ್ತಾಳೆ. ಗಂಡ ಬ್ರಯಾನ್ ಬಗ್ಗೆ ಅಂಥ ವರ್ಣನೆ ಎಷ್ಟು ಸಿಗುತ್ತದೆ ಅಂತ ಪಕ್ಕದಲ್ಲೇ ಲೆಕ್ಕ ಹಾಕುತ್ತಾ ಹೋಗಿ.

ಆ) ತೀರ್ಮಾನವೂ ನಡವಳಿಕೆಯೂ ತಾಳೆಯಾಗದ ಕಡೆ. ಕ್ಲೇರ್‌ಳ ಸಹವಾಸ ಸಾಕು ಅಂತ ಐರೀನ್ ಪದೇ ಪದೇ ನಿರ್ಧರಿಸುತ್ತಾಳೆ. ಒಂದು ಕಾಗದವನ್ನು ರೈಲಿನಲ್ಲಿ ಚೂರುಚೂರು ಮಾಡಿ ಎಸೆಯುತ್ತಾಳೆ, ಇನ್ನೊಂದಕ್ಕೆ ಉತ್ತರವನ್ನೇ ಬರೆಯುವುದಿಲ್ಲ. ಆಮೇಲೆ ಕ್ಲೇರ್ ಕರೆಯದೆಯೇ ಮನೆಗೆ ಬಂದು ಕೋಣೆಯೊಳಗೆ ನಿಂತಾಗ ಆಗುವುದೇನು? ಐರೀನ್ ಅವಳ ಎರಡೂ ಕೈ ಹಿಡಿದು, ದೇವರೇ, ಎಷ್ಟು ಚೆಂದ ಇದ್ದೀಯಾ ಅಂತ ಉದ್ಗರಿಸುತ್ತಾಳೆ. ತನಗೆ ಯಾಕೆ ಹಾಗನ್ನಿಸಿತು ಅನ್ನುವುದು ಐರೀನ್‌ಗೆ ಅರ್ಥವಾಗುವುದಿಲ್ಲ, ಪುಸ್ತಕವೂ ವಿವರಿಸದೆ ಮುಂದೆ ಹೋಗುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಕೀಲಿ ಇರುವುದು ಈ ಪ್ಯಾರಾದಲ್ಲಿ.

ಇ) ಕಥೆ ಹಠಾತ್ತನೆ ಕಡಿದುಹೋಗುವ ಕಡೆ. ‘ಗ್ಯಾಟ್ಸ್‌ಬಿ’ಯ ಎರಡನೇ ಅಧ್ಯಾಯದ ಕೊನೆ ಓದಿ. ಪಾರ್ಟಿ ಮುಗಿದು ನಿಕ್ ಕುಡಿದ ಅಮಲಿನಲ್ಲಿ ಮೆಕ್ಕೀ ಅನ್ನುವ ಫೋಟೋಗ್ರಾಫರ್ ಜತೆ ಲಿಫ್ಟ್‌ನಲ್ಲಿ ಇಳಿಯುತ್ತಾನೆ. ಆಮೇಲೆ ಬರೀ ಚುಕ್ಕೆಗಳು. ಚುಕ್ಕೆ ಮುಗಿದಾಗ ನಿಕ್ ಮೆಕ್ಕೀಯ ಹಾಸಿಗೆಯ ಪಕ್ಕ ನಿಂತಿದ್ದಾನೆ, ಒಳಉಡುಪಿನಲ್ಲಿ ಕೂತಿರುವ ಮೆಕ್ಕೀ ತನ್ನ ಫೋಟೋಗಳನ್ನು ತೋರಿಸುತ್ತಿದ್ದಾನೆ. ಮತ್ತೆ ಚುಕ್ಕೆಗಳು, ನಿಕ್ ರೈಲ್ವೆ ಸ್ಟೇಷನ್ನಿನಲ್ಲಿ ಬೆಳಗಿನ ಜಾವದ ರೈಲಿಗೆ ಕಾಯುತ್ತಿದ್ದಾನೆ. ಅಲ್ಲಿ ಏನೋ ನಡೆಯಿತು ಅನ್ನಲು ಪುರಾವೆ ಇಲ್ಲ, ಏನೂ ನಡೆಯಲಿಲ್ಲ ಅನ್ನಲೂ ಇಲ್ಲ. ನೀವು ಖಚಿತವಾಗಿ ಹೇಳಬಹುದಾದದ್ದು ಒಂದೇ: ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳುವ ನಿರೂಪಕ ಈ ರಾತ್ರಿಯನ್ನು ಹಾಗೆ ಹೇಳಿಲ್ಲ. ಕುಡಿತದ ಮಂಪರಷ್ಟೇ ಅಂತ ವಾದಿಸುವವರೂ ಇದ್ದಾರೆ, ಆ ವಾದವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಈ) ವಿವರ ಕೊಡದೆ ಸಂಬಂಧ ತಣ್ಣಗಾಗುವ ಕಡೆ. ‘ಪಾಲ್ಸ್ ಕೇಸ್’ನಲ್ಲಿ ಕದ್ದ ದುಡ್ಡಿನಲ್ಲಿ ನ್ಯೂಯಾರ್ಕ್‌ಗೆ ಓಡಿಬಂದ ಪಾಲ್, ಯೇಲ್‌ನಲ್ಲಿ ಓದುವ ಒಬ್ಬ ಹುಡುಗನ ಜತೆ ರಾತ್ರಿಯಿಡೀ ಸುತ್ತುತ್ತಾನೆ. ಬಹಳ ಸಲಿಗೆಯಿಂದ ಹೊರಟವರು ಬೆಳಿಗ್ಗೆ ಲಿಫ್ಟ್‌ನಲ್ಲಿ ಮುಖ ಬಿಗಿದುಕೊಂಡು ಬೇರೆಯಾಗುತ್ತಾರೆ. ನಡುವೆ ಏನಾಯಿತು? ಕ್ಯಾಥರ್ ಹೇಳುವುದಿಲ್ಲ.

ಒಂದು ಎಚ್ಚರಿಕೆ. ಒಂದೇ ಒಂದು ಗುರುತಿನ ಮೇಲೆ ವಾದ ಕಟ್ಟಬೇಡಿ. ಕೋಟಿಗೆ ಕೆಂಪು ಹೂವು ಸಿಕ್ಕಿಸಿಕೊಂಡ, ಅತ್ತರು ಹಾಕಿದ, ನಾಟಕ ಇಷ್ಟಪಟ್ಟ ಅಂತ ಪಾಲ್‌ಗೆ ಹಣೆಪಟ್ಟಿ ಹಚ್ಚುವವರನ್ನು ನೋಡಿದ್ದೇನೆ. ಅವನ ಮೇಷ್ಟ್ರುಗಳು ಮಾಡಿದ್ದೂ ಅದನ್ನೇ ತಾನೇ! ಗುರುತುಗಳು ಒಂದು ಕಡೆ ಗುಂಪುಗೂಡಿದರೆ ಮಾತ್ರ ಮುಂದೆ ಹೋಗಿ.

5. ತ್ರಿಕೋನ ಬಿಡಿಸಿ

ಹಾಳೆಯ ಮೇಲೆ ಮೂರು ಹೆಸರು ಬರೆದು ಗೆರೆ ಎಳೆಯಿರಿ, ಇಷ್ಟೇ ಕೆಲಸ. ಈವ್ ಸೆಜ್‌ವಿಕ್ ಅನ್ನುವ ವಿಮರ್ಶಕಿ 1985ರ ಪುಸ್ತಕವೊಂದರಲ್ಲಿ ಇದನ್ನು ಬೆಳೆಸಿದರು. ಇಬ್ಬರು ಗಂಡಸರು ಒಬ್ಬ ಹೆಣ್ಣಿಗಾಗಿ ಪೈಪೋಟಿ ಮಾಡುವ ಕಥೆಗಳಲ್ಲಿ, ಆ ಗಂಡಸರಿಬ್ಬರ ನಡುವಿನ ಬಂಧವೇ ಎಷ್ಟೋ ಸಲ ಹೆಚ್ಚು ಬಿಗಿಯಾಗಿರುತ್ತದೆ ಅನ್ನುವುದು ಅವರ ಮಾತು. ಗಂಡಸರ ನಡುವಿನ ಸ್ನೇಹ, ಪೈಪೋಟಿ, ಗುರು-ಶಿಷ್ಯ ಭಾವ, ವ್ಯಾಪಾರದ ನಂಟು ಎಲ್ಲಕ್ಕೂ ಸೇರಿಸಿ ಅವರು ಬಳಸುವ ಪದ ‘ಹೋಮೋಸೋಷಿಯಲ್’. ಇದು ಸಲಿಂಗಕಾಮ ಅನ್ನುವುದಕ್ಕೆ ಇನ್ನೊಂದು ಹೆಸರಲ್ಲ, ಗಲಿಬಿಲಿ ಮಾಡಿಕೊಳ್ಳಬೇಡಿ.

ಸೆಜ್‌ವಿಕ್ ನೋಡಿದ್ದು ಗಂಡಸರ ಜೋಡಿಗಳನ್ನು, ಅದೂ ಇಂಗ್ಲೆಂಡಿನ ಸಾಹಿತ್ಯದಲ್ಲಿ. ‘ಪಾಸಿಂಗ್’ಗೆ ಹಾಕಿದರೆ ತ್ರಿಕೋನ ತಿರುಗಿಕೊಳ್ಳುತ್ತದೆ. ಕಥೆಯ ಕೊನೆಯ ಭಾಗದಲ್ಲಿ ಗಂಡ ಬ್ರಯಾನ್ ಮತ್ತು ಕ್ಲೇರ್ ನಡುವೆ ಸಂಬಂಧವಿದೆ ಅಂತ ಐರೀನ್‌ಗೆ ಸಂಶಯ ಹತ್ತುತ್ತದೆ. ಪುರಾವೆ ಏನು ಅಂತ ಕೇಳಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅವನು ಕ್ಲೇರ್‌ಳನ್ನು ಚಹಾಕೂಟಕ್ಕೆ ಕರೆದ, ಹೇಳುವಾಗ ಮುಖ ಒಂಥರಾ ಇತ್ತು, ಅಷ್ಟೇ. ಈಗ ಕೇಳಿ: ಐರೀನ್ ಹೊಟ್ಟೆಕಿಚ್ಚುಪಡುತ್ತಿರುವುದು ಯಾರಿಗಾಗಿ? ಗಂಡನನ್ನು ಕಳೆದುಕೊಳ್ಳುವ ಭಯವೋ, ಕ್ಲೇರ್ ತನ್ನನ್ನು ಬಿಟ್ಟು ಬೇರೊಬ್ಬರನ್ನು ನೋಡಿದಳಲ್ಲ ಅನ್ನುವ ಉರಿಯೋ? ಡೆಬೊರಾ ಮ್ಯಾಕ್‌ಡವೆಲ್ ಅನ್ನುವ ವಿಮರ್ಶಕಿ 1986ರಲ್ಲಿ ಈ ಕಾದಂಬರಿಗೆ ಬರೆದ ಮುನ್ನುಡಿ ಇಲ್ಲಿಗೇ ಬೆರಳಿಟ್ಟಿತು. ತನ್ನ ಆಸೆಯನ್ನು ಒಪ್ಪಿಕೊಳ್ಳಲಾಗದೆ ಐರೀನ್ ಅದನ್ನು ಗಂಡನ ತಲೆಗೆ ಕಟ್ಟುತ್ತಾಳೆ, ಜನಾಂಗದ ಕಥೆಯ ಮರೆಯಲ್ಲಿ ಈ ಕಥೆ ಅಡಗಿದೆ ಅನ್ನುವ ಧಾಟಿ ಅದರದು. ಕಾದಂಬರಿ ಬಂದು ಅರ್ಧ ಶತಮಾನದ ಮೇಲೆ ಅದರ ಓದು ಬದಲಾಯಿತು.

6. ಇನ್ನೊಂದು ಗುಟ್ಟನ್ನು ಮರೆಯಬೇಡಿ

ಅಮೆರಿಕನ್ ಪುಸ್ತಕಗಳಲ್ಲಿ ಬಚ್ಚಿಟ್ಟ ಆಸೆ ಒಂಟಿಯಾಗಿ ಇರುವುದು ಕಡಿಮೆ. ಪಕ್ಕದಲ್ಲೇ ಜನಾಂಗದ ಅಥವಾ ವರ್ಗದ ಗುಟ್ಟೊಂದು ಇರುತ್ತದೆ. ಗ್ಯಾಟ್ಸ್‌ಬಿ ನಾರ್ತ್ ಡಕೋಟಾದ ಬಡ ರೈತನ ಮಗ ಜೇಮ್ಸ್ ಗ್ಯಾಟ್ಸ್, ಹದಿನೇಳಕ್ಕೆ ಹೆಸರು ಬದಲಿಸಿಕೊಂಡವನು. ಕ್ಲೇರ್‌ಳದು ಬಣ್ಣದ ಗುಟ್ಟು. ಅದು ಎಷ್ಟು ದುಬಾರಿ ಅಂತ ತಿಳಿಯಲು ಎರಡು ಸಂಗತಿ ಸಾಕು. 1924ರಲ್ಲಿ ವರ್ಜೀನಿಯಾ ರಾಜ್ಯ ಬಿಳಿಯರು-ಬಿಳಿಯರಲ್ಲದವರ ಮದುವೆಯನ್ನು ನಿಷೇಧಿಸುವ ಕಟು ಕಾಯಿದೆ ತಂದಿತು. 1925ರಲ್ಲಿ ನ್ಯೂಯಾರ್ಕ್‌ನ ಶ್ರೀಮಂತ ಮನೆತನದ ರೈನ್‌ಲ್ಯಾಂಡರ್ ಅನ್ನುವವನು, ಹೆಂಡತಿ ತನ್ನ ಜನಾಂಗವನ್ನು ಮುಚ್ಚಿಟ್ಟಳು ಅಂತ ಮದುವೆ ರದ್ದತಿಗೆ ಕೋರ್ಟಿಗೆ ಹೋಗಿ ಸೋತ, ಪತ್ರಿಕೆಗಳಲ್ಲಿ ಅದೇ ಸುದ್ದಿ. ಐರೀನ್ ಕೂಡ ಆ ಕೇಸನ್ನು ನೆನೆಯುತ್ತಾಳೆ.

ಹಾಗಾಗಿ ‘ಪಾಸಿಂಗ್ ಜನಾಂಗದ ಕಾದಂಬರಿಯೋ, ಆಸೆಯ ಕಾದಂಬರಿಯೋ’ ಅಂತ ಪರೀಕ್ಷೆಯಲ್ಲಿ ಕೇಳಿದರೆ ಒಂದನ್ನು ಆರಿಸಿಕೊಳ್ಳಬೇಡಿ. ಕ್ಲೇರ್ ಕಡೆಗೆ ಐರೀನ್‌ಳನ್ನು ಸೆಳೆಯುವುದೇ ಅವಳ ನಿರ್ಭಯ, ತನ್ನ ಹುಟ್ಟು ಬಯಲಾದರೂ ಆಗಲಿ ಅನ್ನುವ ಆ ಧೈರ್ಯ. ಅದೇ ಧೈರ್ಯ ಐರೀನ್‌ಳ ಭದ್ರವಾದ ಮನೆಗೆ ಬೆದರಿಕೆಯೂ ಹೌದು. ಕೊನೆಯ ದೃಶ್ಯದಲ್ಲಿ ಕ್ಲೇರ್‌ಳ ಗಂಡನಿಗೆ ನಿಜ ಗೊತ್ತಾಗಿ ಅವನು ನುಗ್ಗಿಬರುತ್ತಾನೆ, ಕ್ಲೇರ್ ಎತ್ತರದ ಕಿಟಕಿಯ ಬಳಿ ನಿಂತಿರುತ್ತಾಳೆ, ಐರೀನ್ ಓಡಿಹೋಗಿ ಅವಳ ತೋಳಿನ ಮೇಲೆ ಕೈಯಿಡುತ್ತಾಳೆ. ಮರುಕ್ಷಣ ಕ್ಲೇರ್ ಇಲ್ಲ. ತಳ್ಳಿದಳಾ, ಅವಳೇ ಬಿದ್ದಳಾ, ಹಾರಿದಳಾ? ಐರೀನ್‌ಳ ತಲೆಯೊಳಗೇ ಇದ್ದೂ ನಮಗೆ ಗೊತ್ತಾಗುವುದಿಲ್ಲ. ಎರಡನೇ ಹಂತದಲ್ಲಿ ಖಾಲಿ ಪುಟದಲ್ಲಿ ಬರೆದುಕೊಂಡ ಆ ಎರಡು ಸಾಲನ್ನು ಈಗ ತಿರುಗಿ ನೋಡಿ.

ಬಿಳಿಯ-ಕಪ್ಪು ಗಂಡಸರ ಜೋಡಿಯ ಬಗ್ಗೆ ಲೆಸ್ಲಿ ಫೀಡ್ಲರ್ ಅನ್ನುವ ವಿಮರ್ಶಕರು 1948ರಲ್ಲೇ ಒಂದು ಪ್ರಬಂಧ ಬರೆದು ಗಲಾಟೆ ಎಬ್ಬಿಸಿದ್ದರು. ಮಾರ್ಕ್ ಟ್ವೈನ್ ಅವರ ‘ಹಕಲ್‌ಬೆರಿ ಫಿನ್’ ಕಾದಂಬರಿಯ ಹಕ್ ಮತ್ತು ಜಿಮ್, ಇಷ್ಮೇಲ್ ಮತ್ತು ಕ್ವೀಕ್ವೆಗ್, ಹೀಗೆ ಊರು ಬಿಟ್ಟು, ಹೆಂಗಸರನ್ನು ಬಿಟ್ಟು, ನದಿಗೋ ಸಮುದ್ರಕ್ಕೋ ಓಡಿಹೋಗುವ ಜೋಡಿಗಳಲ್ಲಿ ಅವರಿಗೆ ಕಂಡದ್ದು ಬಿಳಿಯರ ಕನಸು: ತಾವು ಅನ್ಯಾಯ ಮಾಡಿದವರೇ ತಮ್ಮನ್ನು ಕ್ಷಮಿಸಿ ಅಪ್ಪಿಕೊಳ್ಳುತ್ತಾರೆ ಅನ್ನುವ ಕನಸು. ಚುರುಕಾದ ಮಾತು, ಓದಲೇಬೇಕು. ಆದರೆ ಹಕಲ್‌ಬೆರಿ ಫಿನ್ ಇನ್ನೂ ಹುಡುಗ, ಜಿಮ್ ಓಡಿಹೋಗುತ್ತಿರುವುದು ಗುಲಾಮಗಿರಿಯಿಂದ, ಅವನಿಗೆ ಹೆಂಡತಿ ಮಕ್ಕಳನ್ನು ಬಿಡಿಸಿಕೊಳ್ಳಬೇಕಿದೆ. ಇದನ್ನು ಮರೆತು ತೆಪ್ಪದ ಮೇಲಿನ ಸ್ನೇಹವನ್ನಷ್ಟೇ ಮೆಚ್ಚಿಕೊಂಡು ಕೂತರೆ ಜಿಮ್‌ನ ಕಥೆಯೇ ಮಾಯವಾಗುತ್ತದೆ.

7. ಲೇಖಕರ ಜೀವನಚರಿತ್ರೆ ಕೊನೆಗೆ

ಇದನ್ನು ಎಲ್ಲರೂ ಮೊದಲು ಮಾಡುತ್ತಾರೆ, ದಯವಿಟ್ಟು ಕೊನೆಗೆ ಮಾಡಿ. ಮೆಲ್ವಿಲ್ 1850ರ ಆಗಸ್ಟ್‌ನಲ್ಲಿ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅವರನ್ನು ಭೇಟಿಯಾದರು, ಮರುವರ್ಷ ‘ಮೊಬಿ ಡಿಕ್’ ಅನ್ನು ಅವರಿಗೇ ಅರ್ಪಿಸಿದರು, ಬರೆದ ಕಾಗದಗಳಲ್ಲಿ ಭಾವ ಉಕ್ಕಿಹರಿಯುತ್ತದೆ. ಆ ಕಾದಂಬರಿ ಓದಿ ಹಾಥಾರ್ನ್ ಬರೆದ ಕಾಗದ ಉಳಿದಿಲ್ಲ. ವಿಲಾ ಕ್ಯಾಥರ್ ಸುಮಾರು ನಾಲ್ಕು ದಶಕ ಎಡಿತ್ ಲೂಯಿಸ್ ಜತೆ ಬಾಳಿದರು, ತಮ್ಮ ಕಾಗದಗಳನ್ನು ಪ್ರಕಟಿಸಬಾರದೆಂದು ಉಯಿಲಿನಲ್ಲಿ ಬರೆಸಿದರು. ಕೊನೆಗೆ ಆ ಪತ್ರಗಳ ಸಂಗ್ರಹ ಬಂದದ್ದು 2013ರಲ್ಲಿ. ಇವೆಲ್ಲ ತಿಳಿದಿರಲಿ. ಆದರೆ ಇದರಿಂದ ಪಾತ್ರದ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ, ಪಾತ್ರದಿಂದ ಲೇಖಕರ ಮಂಚದ ಲೆಕ್ಕ ತೆಗೆಯಲಂತೂ ಬರುವುದೇ ಇಲ್ಲ.

8. ಬರೆಯುವಾಗ

ನಿಮ್ಮ ಪ್ರಬಂಧದಲ್ಲಿ ‘ಐರೀನ್ ಲೆಸ್ಬಿಯನ್’ ಅಂತ ಶುರು ಮಾಡಬೇಡಿ. ‘ಐರೀನ್ ಕ್ಲೇರ್‌ಳನ್ನು ನೋಡುವ ರೀತಿಗೆ ಅವಳೇ ಕೊಡುವ ಕಾರಣಗಳು ಸಾಲುವುದಿಲ್ಲ’ ಅಂತ ಶುರು ಮಾಡಿ, ಅದಕ್ಕೆ ಮೂರು ದೃಶ್ಯ ಕೊಡಿ, ನಿಮ್ಮ ಓದಿಗೆ ಎದುರಾಗಿ ನಿಲ್ಲುವ ಒಂದು ದೃಶ್ಯವನ್ನೂ ಕೊಡಿ. ಎದುರು ನಿಲ್ಲುವ ದೃಶ್ಯ ಸಿಗದಿದ್ದರೆ ಇನ್ನೊಮ್ಮೆ ಹುಡುಕಿ, ಇದ್ದೇ ಇರುತ್ತದೆ. ಗುಂಪಿನಲ್ಲಿ ಚರ್ಚೆ ಮಾಡುವುದಾದರೆ ಮಾತು ಪುಸ್ತಕದ ಪಾತ್ರಗಳ ಮೇಲೇ ಇರಲಿ. ‘ನಿನಗ್ಯಾಕೆ ಹೀಗೆ ಕಾಣುತ್ತೆ?’ ಅಂತ ಪಕ್ಕದಲ್ಲಿ ಕೂತವರ ಖಾಸಗಿ ಬದುಕಿಗೆ ಕೈಹಾಕುವ ಚಾಳಿ ಕೆಲವರಿಗಿದೆ. ಅದನ್ನು ಅಲ್ಲೇ ನಿಲ್ಲಿಸಿ.

ಮುಂದೆ ಏನು ಓದಲಿ?

‘ಪಾಸಿಂಗ್’ ಆದಮೇಲೆ ‘ಗ್ಯಾಟ್ಸ್‌ಬಿ’, ಆಮೇಲೆ ಮೆಲ್ವಿಲ್‌ರ ‘ಬಿಲ್ಲಿ ಬಡ್’. ಇದು ಅವರು 1891ರಲ್ಲಿ ಸಾಯುವಾಗ ಮುಗಿಯದೇ ಉಳಿದಿತ್ತು, ಅಚ್ಚಾದದ್ದು 1924ರಲ್ಲಿ. ಅದರಲ್ಲಿ ಕ್ಲಾಗರ್ಟ್ ಅನ್ನುವ ಹಡಗಿನ ಅಧಿಕಾರಿ ಚೆಲುವ ನಾವಿಕನೊಬ್ಬನನ್ನು ಯಾಕೆ ಅಷ್ಟು ದ್ವೇಷಿಸುತ್ತಾನೆ ಅನ್ನುವುದನ್ನು ನಾಲ್ಕನೇ ಹಂತದ ಪೆನ್ಸಿಲ್ ಹಿಡಿದು ಓದಿ. ಜೇಮ್ಸ್ ಬಾಲ್ಡ್ವಿನ್‌ರ ‘ಜಿಯೋವಾನಿಸ್ ರೂಮ್’ (1956) ಇದಾದಮೇಲಿರಲಿ, ಅಲ್ಲಿ ಆಸೆ ಮರೆಯಲ್ಲಿಲ್ಲ, ಎದುರಿಗೇ ಇದೆ. ಆದರೆ ಹೇಳುವವನು ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ನಿಂತಿಲ್ಲ.

‘ಮೊಬಿ ಡಿಕ್’ ಪೂರ್ತಿ ಓದುವ ತಾಳ್ಮೆ ಸದ್ಯಕ್ಕೆ ಇಲ್ಲವೆಂದರೆ 3, 4, 10, 72, 94 ಮತ್ತು 110ನೇ ಅಧ್ಯಾಯಗಳನ್ನೂ ಕೊನೆಯ ಉಪಸಂಹಾರವನ್ನೂ ಓದಿ. 72ರಲ್ಲಿ ಇಷ್ಮೇಲ್ ಮತ್ತು ಕ್ವೀಕ್ವೆಗ್ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡಿರುತ್ತಾರೆ, ಒಬ್ಬ ಮುಳುಗಿದರೆ ಇನ್ನೊಬ್ಬನೂ ಮುಳುಗಬೇಕು. ಅಲ್ಲಿ ಇಷ್ಮೇಲ್ ಮತ್ತೆ ಯಾವ ಪದ ಬಳಸುತ್ತಾನೆ ನೋಡಿ.